ಪಟ್ಟಿ ಖಾಲಿ ಇದ್ದರೆ

ಶಹಾಬಾದಿನ ಅವರ ಮನೆಯ ಅಡುಗೆಕೋಣೆಯಲ್ಲಿ ಎರಡು ಸೋಡಾ ಡಬ್ಬಿಗಳಿದ್ದವು. ಮೇಲಿನ ಫಳಿಯ ಮೇಲಿದ್ದ ಡಬ್ಬಿಗೆ ಬಿಳಿ ಕಾಗದ ಅಂಟಿಸಿ, 'ಅಡುಗೆ ಸೋಡಾ. ಭಜಿ ಹಿಟ್ಟಿಗೆ ಹಾಕುವುದು. ಬಟ್ಟೆ ಒಗೆಯುವ ಸೋಡಾ ಅಲ್ಲ' ಎಂದು ಬರೆದಿದ್ದರು. ಬಚ್ಚಲ ಹತ್ತಿರ ಇದ್ದ ಇನ್ನೊಂದರ ಮೇಲೆ, 'ಬಟ್ಟೆ ಸೋಡಾ. ಬಾಯಿಗೆ ಹೋಗಬಾರದು. ಅಡುಗೆ ಸೋಡಾ ಬೇಕಾದರೆ ಒಳಗೆ ಮೇಲಿನ ಫಳಿ ನೋಡಿ' ಎಂದಿತ್ತು. ಹೋದ ತಿಂಗಳು ಅವರು ತೀರಿಕೊಂಡ ಮೂರನೆಯ ದಿನ ಆ ಮನೆಗೆ ಹೋದಾಗ, ಬಂದವರಿಗೆ ಚಹಾ ಮಾಡಲು ಒಳಗೆ ಹೋದ ನಾನು ಯಾರನ್ನೂ ಏನೂ ಕೇಳಬೇಕಾಗಲಿಲ್ಲ. ಅವರ ತಮ್ಮ ಹೊರಗಿನಿಂದಲೇ ಹೇಳಿದರು:

"ನಮ್ಮ ಅಕ್ಕನ ಮನ್ಯಾಗ ಕಳ್ಳರಿಗೂ ತ್ರಾಸಿಲ್ಲ ನೋಡ್ರಿ. ಎಲ್ಲಾ ಬರದಿಟ್ಟಾಳ."

ಕೆಲಸದ ಜಾಗದಲ್ಲಿ ನಾವೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರು ಒಮ್ಮೆ ಬೀಳಬಾರದ ಕಾಗದದ ಮೇಲೆ ಬಿದ್ದು ಅವರಿಗೆ ಸಾಕಷ್ಟು ನೋವು ಕೊಟ್ಟಿದೆ. ಹಾಗಾಗಲು ಕಾರಣ ನಾನು.

ವಾಡಿಯಿಂದ ರಾವೂರಿನ ಕಡೆ ಹೋಗಿ ಒಳದಾರಿ ಹಿಡಿದರೆ ಒಂದು ಸುಣ್ಣಕಲ್ಲಿನ ಗಣಿ ಸಿಗುತ್ತಿತ್ತು. ದೊಡ್ಡ ಕಾರ್ಖಾನೆಗಳದ್ದಲ್ಲ, ಒಂದು ಸಣ್ಣ ಕಂಪನಿಯದು. ಈಗ ಕೈ ಬದಲಾಗಿದೆ. ಅದರ ಆಫೀಸಿನಲ್ಲಿ ಅಕ್ಕ ಇಪ್ಪತ್ತೆಂಟು ವರ್ಷ ವರದಿ ಬರೆದರು. ಎಷ್ಟು ತೂತು ಕೊರೆದರು, ಎಷ್ಟು ಮದ್ದು ತುಂಬಿದರು, ಎಷ್ಟು ಕಲ್ಲು ಬಿತ್ತು, ಯಾವ ಗಾಡಿ ಕೆಟ್ಟು ನಿಂತಿತು, ಎಲ್ಲವೂ ಅವರ ಕೈಯಿಂದಲೇ ಹೋಗಬೇಕು. ನಾನು ಸೇಡಂನಿಂದ ದಿನಾ ರೈಲಿನಲ್ಲಿ ಬಂದು ಅವರ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದೆ. ಸೇರಿದ ಮೊದಲ ವಾರ ಪಾಳಿಯ ವರದಿಯ ಕೊನೆಗೆ 'ಎಲ್ಲಾ ಸರಿ ಇದೆ' ಎಂದು ಬರೆದಿದ್ದೆ. ಅವರು ಸ್ಟೀಲಿನ ಫೂಟುಪಟ್ಟಿಯನ್ನು ಒಂದೊಂದೇ ಸಾಲಿನ ಕೆಳಗೆ ಇಟ್ಟು, ತುಟಿ ಅಲುಗಿಸುತ್ತ ಓದುತ್ತ ಬಂದವರು ಆ ಸಾಲಿಗೆ ನಿಂತರು.

"ಎಲ್ಲಾ ಅಂದ್ರ ಏನವಾ? ನೀ ಏನೇನ್ ನೋಡಿದಿ, ಅಷ್ಟ ಬರಿ. ನೋಡಲಾರದ್ದಕ್ಕ ನೋಡಿಲ್ಲ ಅಂತ ಬರಿ."

"ನೋಡಿಲ್ಲ ಅಂತ ಬರದ್ರ ಸಾಹೇಬ್ರು ಬೈತಾರಲ್ರಿ."

"ಬೈಲಿ. ಬೈಸಿಕೊಂಡ್ರ ಯಾರೂ ಸಾಯಂಗಿಲ್ಲ."

ಬ್ಲಾಸ್ಟಿಂಗ್ ಸದ್ದಿಗೆ ಅವರ ಎಡಗಿವಿ ಮಂದವಾಗಿತ್ತು. ಯಾರೇ ಮಾತಾಡಿಸಿದರೂ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು, ಬಲಗಿವಿಯನ್ನು ಅವರತ್ತ ತಿರುಗಿಸಿ, ಮಾತು ಮುಗಿಯುವ ತನಕ ಅಲುಗಾಡದೆ ಕೂರುತ್ತಿದ್ದರು. ಮೊದಮೊದಲು ನನಗೆ ಆ ಕೂರುವಿಕೆಗೆ ಹೆದರಿಕೆಯಾಗುತ್ತಿತ್ತು. ಅರ್ಧ ಯೋಚಿಸಿ ಮಾತಾಡಿದರೆ ಆ ಅರ್ಧ ಅಲ್ಲೇ ಬಯಲಾಗುತ್ತಿತ್ತು.

ಗಣಿಯನ್ನು ಮೆಟ್ಟಿಲು ಮೆಟ್ಟಿಲಾಗಿ ತೋಡುತ್ತಾರೆ. ಒಂದೊಂದು ಮೆಟ್ಟಿಲಿಗೆ ಬೆಂಚು ಎನ್ನುತ್ತಾರೆ. ಒಂದು ಬ್ಲಾಸ್ಟಿಗೆ ಬೆಂಚಿನಲ್ಲಿ ನಲವತ್ತು ಐವತ್ತು ತೂತು ಕೊರೆದು ಮದ್ದು ತುಂಬಿ, ಮಧ್ಯಾಹ್ನ ಸೈರನ್ ಕೂಗಿಸಿ ಸಿಡಿಸುತ್ತಾರೆ. ಎಲ್ಲವೂ ಸಿಡಿಯಬೇಕು. ಅಪರೂಪಕ್ಕೆ ಒಂದು ಸಿಡಿಯದೆ ಉಳಿಯುತ್ತದೆ. ಮೇಲೆ ಒಡೆದ ಕಲ್ಲಿನ ರಾಶಿ, ಕೆಳಗೆ ಮದ್ದು ಹಾಗೇ ಮಲಗಿರುತ್ತದೆ, ಯಂತ್ರದ ಹಲ್ಲು ತಗುಲಿದರೆ ಸಿಡಿಯುತ್ತದೆ. ನಮ್ಮಲ್ಲಿ ಅದಕ್ಕೆ 'ಮಿಸ್' ಎನ್ನುತ್ತಿದ್ದರು. ಬ್ಲಾಸ್ಟ್ ಆದಮೇಲೆ, ಸಿಡಿಸಿದ ಬ್ಲಾಸ್ಟರ್ ತಾನೇ ಇಳಿದು, ರಾಶಿಯನ್ನೆಲ್ಲ ಕಣ್ಣಾರೆ ನೋಡಿ ಬಂದು, ಮಿಸ್ ಇದೆಯೋ ಇಲ್ಲವೋ ಬರೆಯಬೇಕು. ಇದ್ದರೆ ಅಲ್ಲಿ ಕೆಂಪು ಬಾವುಟ ನೆಡಬೇಕು. ಅವನು ಬರೆಯುವ ತನಕ ಕಲ್ಲು ತುಂಬುವ ಪೊಕ್ಲೇನ್ ಯಂತ್ರ ಆ ಬೆಂಚಿಗೆ ಇಳಿಯುವಂತಿಲ್ಲ.

ಒಂದು ಬೇಸಿಗೆಯಲ್ಲಿ ಬ್ಲಾಸ್ಟರ್ ವರದಿ ತಂದುಕೊಟ್ಟು ಊಟಕ್ಕೆ ಹೊರಟಿದ್ದ. ಮಿಸ್ ಎಂಬ ಕಡೆ ಜಾಗ ಖಾಲಿ ಬಿಟ್ಟಿತ್ತು. ಅಕ್ಕ ಅವನನ್ನು ಬಾಗಿಲಿನಿಂದ ಕರೆದರು.

"ಇಲ್ಲಿ ಏನೂ ಬರದಿಲ್ಲಲ್ಲೋ."

"ಮಿಸ್ ಇಲ್ರಿ ಅಕ್ಕಾ, ಅದಕ್ಕ ಬಿಟ್ಟೀನಿ."

"ಇಲ್ಲ ಅಂದ್ರ 'ನೋಡಿದೆ, ಇಲ್ಲ' ಅಂತ ಬರಿ. ಖಾಲಿ ಬಿಟ್ರ ನೀ ನೋಡಿದ್ಯೋ, ನೋಡಿಲ್ಲೋ, ನೋಡಿ ಮರತಿದ್ಯೋ, ನನಗ ಹ್ಯಾಂಗ ತಿಳೀಬೇಕು? ಖರೇ ಹೇಳು, ಪೂರಾ ತಿರಗಿ ನೋಡಿದಿ?"

ಅವನು ತಲೆ ಕೆರೆದುಕೊಂಡ. ಆ ಸುಡು ಬಿಸಿಲಿನಲ್ಲಿ ಅವನನ್ನು ಮತ್ತೆ ಇಳಿಸಿದರು. ಕಲ್ಲು ಒಯ್ಯುವ ಡಂಪರುಗಳು ಸಾಲುಗಟ್ಟಿ ನಿಂತವು, ಮ್ಯಾನೇಜರು ಫೋನಿನಲ್ಲಿ ರೇಗಿದರು. ಕೊನೆಗೆ ಮಿಸ್ ಏನೂ ಇರಲಿಲ್ಲ. ಬ್ಲಾಸ್ಟರ್ ಬೆವರು ಒರೆಸಿಕೊಳ್ಳುತ್ತ, "ನಾ ಮದ್ಲ ಹೇಳಿಲ್ಲೇನ್ರಿ, ಇಲ್ಲಂತ" ಎಂದ. ಅಕ್ಕ ಅವನ ಮುಂದೆ ನೀರಿನ ತಂಬಿಗೆ ಇಟ್ಟು, "ಇಲ್ಲ ಅಂತ ಈಗ ಗೊತ್ತಾತು" ಎಂದರು.

ಅವರ ನಿವೃತ್ತಿಗೆ ಒಂದು ವರ್ಷವಿದ್ದಾಗ ಗಣಿಗೆ ಏಜೆಂಟ್ ಬಂತು. ಅದಕ್ಕೂ ಮೊದಲೇ ನಮ್ಮ ವರದಿಗಳೆಲ್ಲ ಕಂಪ್ಯೂಟರಿಗೆ ಹೋಗಿದ್ದವು. ಆದರೆ ಯಾವ ವರದಿ ಎಲ್ಲಿದೆ ಎಂದು ಹುಡುಕುವುದೇ ಫೋರ್‌ಮನ್‌ಗಳಿಗೆ ತಲೆನೋವು. ಇನ್ನುಮೇಲೆ ಫೋನಿನಲ್ಲಿ ಮಾತಾಡಿ ಕೇಳಿದರೆ ಸಾಕು, ಏಜೆಂಟ್ ತಾನೇ ವರದಿ ತೆಗೆದು ನೋಡಿ ಉತ್ತರ ಹೇಳುತ್ತದೆ ಎಂದರು. ಅದನ್ನು ಕೂಡಿಸಲು ಹೈದರಾಬಾದಿನಿಂದ ಕಿರಣ್ ಎಂಬ ಇಂಜಿನಿಯರ್ ಬಂದ. ಸಂಭಾವಿತ ಹುಡುಗ, ಅವನ ಕನ್ನಡಕ್ಕೆ ತೆಲುಗಿನ ರಾಗವಿತ್ತು.

"ಯಾವ ಏಜೆಂಟ್ ಇಂವ? ವಿಮಾದಂವನಾ?" ಎಂದು ಅಕ್ಕ ಕೇಳಿದರು.

ಕಿರಣ್ ನಕ್ಕು ವಿವರಿಸಿದ. ಇದು ಮನುಷ್ಯನಲ್ಲ. ಪ್ರಶ್ನೆ ಕೇಳಿದಾಗ ಇದರ ಮುಂದೆ ಒಂದಷ್ಟು ಟೂಲ್‌ಗಳು ಇರುತ್ತವೆ. ಒಂದು ಟೂಲ್ ಬ್ಲಾಸ್ಟ್ ವರದಿ ತೆಗೆದುಕೊಡುತ್ತದೆ, ಇನ್ನೊಂದು ಗಾಡಿಗಳ ವರದಿ, ಮತ್ತೊಂದು ಮಿಸ್ ಪಟ್ಟಿ. ಪ್ರತಿ ಟೂಲಿನ ಜೊತೆ ನಾಲ್ಕು ಸಾಲಿನ ವಿವರಣೆ ಬರೆದಿರಬೇಕು. ಏಜೆಂಟ್ ಆ ವಿವರಣೆ ಓದಿಯೇ ಯಾವುದನ್ನು ಬಳಸಬೇಕು, ಸಿಕ್ಕಿದ್ದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಎಂದು ತೀರ್ಮಾನಿಸುತ್ತದೆ. ಕನ್ನಡದಲ್ಲಿ ಬರೆದರೂ ನಡೆಯುತ್ತದೆ.

ಅಕ್ಕ ಬಲಗಿವಿ ತಿರುಗಿಸಿ ಪೂರಾ ಕೇಳಿದರು.

"ಅದು ಖಣಿ ನೋಡೇದೇನು?"

"ಇಲ್ಲ ಮೇಡಂ."

"ಮಿಸ್ ಅಂದ್ರ ಏನಂತ ಗೊತ್ತದೇನು?"

"ನೀವು ಬರೆದರೆ ಗೊತ್ತಾಗುತ್ತದೆ. ಬರೆಯದಿದ್ದರೆ ತನಗೆ ತೋಚಿದ ಅರ್ಥ ಹಚ್ಚುತ್ತದೆ."

"ತೋಚಿದ್ದು ತಪ್ಪಾದ್ರ, ತಪ್ಪಂತ ಹೇಳ್ತದೇನು?"

"ಸರಿ ಇದ್ದಾಗ ಹೇಗೆ ಹೇಳುತ್ತದೆಯೋ, ತಪ್ಪಿದ್ದಾಗಲೂ ಹಾಗೇ ಹೇಳುತ್ತದೆ ಮೇಡಂ. ಅದೇ ಕಷ್ಟ."

ಅವತ್ತು ಮಧ್ಯಾಹ್ನ ಅಕ್ಕ ಊಟದ ಡಬ್ಬಿ ಬಿಚ್ಚಲಿಲ್ಲ. ಕಿಟಕಿಯಾಚೆ ಬಿಳಿ ಧೂಳು ಇಳಿಯುವುದನ್ನು ನೋಡುತ್ತ ಕುಳಿತಿದ್ದರು. ಮರುದಿನದಿಂದ ವಿವರಣೆ ಬರೆಯಲು ಕೂತೆವು. ಎರಡು ತಿಂಗಳು ಹಿಡಿಯಿತು.

ಅವರು ಕಂಡುಕೊಂಡ ದಾರಿ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಪ್ರತಿ ವಿವರಣೆಯನ್ನೂ ಒಂದು ಚೀಟಿಯ ಮೇಲೆ ಬರೆಸಿ, ನನ್ನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸುತ್ತಿದ್ದರು. "ಈಗ ನೀ ಏಜೆಂಟ್. ನಿನಗ ಖಣಿ ಗೊತ್ತಿಲ್ಲ, ನಾ ಗೊತ್ತಿಲ್ಲ, ಯಾರೂ ಗೊತ್ತಿಲ್ಲ. ಚೀಟ್ಯಾಗ ಇದ್ದಷ್ಟ ಗೊತ್ತು." ನನ್ನ ಬೆನ್ನ ಹಿಂದೆ ನಿಂತು ಫೋರ್‌ಮನ್‌ಗಳು ಕೇಳುವ ಹಾಗೆ ಪ್ರಶ್ನೆ ಕೇಳುವುದು, ನಾನು ಚೀಟಿ ಆರಿಸಿ ಉತ್ತರ ಕೊಡುವುದು.

"ಇವತ್ತ ಎರಡನೇ ಬೆಂಚಿನ್ಯಾಗ ಬ್ಲಾಸ್ಟ್ ಆಗ್ಯದೇನು?"

ನನ್ನ ಕೈಯಲ್ಲಿ ಎರಡು ಚೀಟಿ ಇದ್ದವು. ಒಂದು ಬ್ಲಾಸ್ಟ್ ಯೋಜನೆಯದು, ಇನ್ನೊಂದು ಬ್ಲಾಸ್ಟ್ ವರದಿಯದು. ಎರಡರ ಮೇಲೂ ನಾನೇ 'ದಿನದ ಬ್ಲಾಸ್ಟ್ ಮಾಹಿತಿ ಕೊಡುತ್ತದೆ' ಎಂದು ಬರೆದಿದ್ದೆ. ಮೇಲಿನದನ್ನು ಎತ್ತಿ, "ಹೌದು, ಎರಡು ಗಂಟೆಗೆ ಆಗಿದೆ" ಎಂದೆ.

ತಿರುಗಿ ನೋಡಿದೆ. ಅಕ್ಕನ ಮುಖ ಬಿಳಚಿಕೊಂಡಿತ್ತು.

"ಎರಡಕ್ಕ ಮಾಡಬೇಕು ಅಂತ ಬರದ ಕಾಗದ ಅದು. ಕರೆಂಟ್ ಹೋಗಿ ಬ್ಲಾಸ್ಟ್ ಮುಂದ ಹಾಕಿದ್ರ? ಆಗಲಾರದ ಬ್ಲಾಸ್ಟ್ ಆಗ್ಯದ ಅಂತ ಹೇಳಿ, ನೀ ಮಂದೀನ ತುಂಬಿದ ಮದ್ದಿನ ಮ್ಯಾಲ ಕಳಿಸಿದಿ."

ನಾನು ನಗಲು ಹೋಗಿ ನಿಲ್ಲಿಸಿದೆ. ಅವತ್ತು ಆ ಎರಡು ಚೀಟಿಗಳನ್ನು ಒಂಬತ್ತು ಸಲ ಬರೆದೆವು. ಇದು ಏನು ಎಂಬುದರ ಜೊತೆಗೆ ಇದು ಏನಲ್ಲ ಎಂಬುದನ್ನೂ, ಅದು ಬೇಕಾದರೆ ಯಾವ ಟೂಲ್ ನೋಡಬೇಕು ಎಂಬುದನ್ನೂ ಬರೆಯಲು ಅವರು ಕಲಿಸಿದ್ದು ಆಗಲೇ.

ಮಿಸ್ ಪಟ್ಟಿಯ ವಿವರಣೆಯನ್ನು ಮಾತ್ರ ಅವರು ನನಗೆ ಕೊಡದೆ ತಾವೇ ಬರೆದರು: 'ಬ್ಲಾಸ್ಟ್ ಆದ ಮೇಲೆ ಬ್ಲಾಸ್ಟರ್ ಸ್ವತಃ ನೋಡಿ ಬರೆದ ಮಿಸ್ ತೂತುಗಳ ಪಟ್ಟಿಯನ್ನು ಈ ಟೂಲ್ ಕೊಡುತ್ತದೆ. ಪಟ್ಟಿ ಖಾಲಿ ಇದ್ದರೆ ಮಿಸ್ ಇಲ್ಲ ಎಂದು ತಿಳಿಯಬಾರದು; ಇನ್ನೂ ಯಾರೂ ನೋಡಿ ಬರೆದಿಲ್ಲ ಎಂದು ತಿಳಿಯಬೇಕು. ಮಿಸ್ ಇಲ್ಲದಿದ್ದರೆ, ನೋಡಿದೆ, ಇಲ್ಲ, ಎಂಬ ಸಾಲು ಬ್ಲಾಸ್ಟರ್ ಹೆಸರಿನೊಂದಿಗೆ ಇರುತ್ತದೆ. ಆ ಸಾಲು ಕಾಣದಿದ್ದರೆ ಬೆಂಚಿಗೆ ಯಾರನ್ನೂ ಬಿಡಬೇಡ, ಬ್ಲಾಸ್ಟರ್‌ಗೆ ಫೋನ್ ಮಾಡಲು ಹೇಳು.'

ಏಜೆಂಟ್ ಚೆನ್ನಾಗಿ ಕೆಲಸ ಮಾಡಿತು. ಅಕ್ಕನಿಗೆ ಹೆದರಿಕೆ ಹತ್ತಿದ್ದು ಅದಕ್ಕೇ. ಮೊದಲು ಫೋರ್‌ಮನ್‌ಗಳು ಬೆಳಿಗ್ಗೆ ಬ್ಲಾಸ್ಟರ್‌ನನ್ನು ಹುಡುಕಿಕೊಂಡು ಹೋಗುತ್ತಿದ್ದರು, ಬೆಂಚಿನ ಅಂಚಿಗೆ ನಿಂತು ಬಾವುಟ ನೋಡುತ್ತಿದ್ದರು. ಈಗ ಚಹಾ ಕುಡಿಯುತ್ತ ಫೋನಿಗೆ ಕೇಳುತ್ತಿದ್ದರು. ಹಣಮಂತ ಎಂಬ ಪೊಕ್ಲೇನ್ ಆಪರೇಟರ್ ಇದ್ದ. ಚಿಂಚೋಳಿ ಪಕ್ಕದ ಚಂದಾಪುರದವನು, ಸುಗ್ಗಿಯಲ್ಲಿ ಊರಿನಿಂದ ಅಕ್ಕನಿಗೆ ಜೋಳದ ಹಸಿ ತೆನೆಯ ಸೀತನಿ ತಂದುಕೊಡುತ್ತಿದ್ದ.

"ಭಾಳ ಛಲೋ ಅದ್ರಿ ಅಕ್ಕಾ ನಿಮ್ಮ ಏಜೆಂಟ್. ಕೇಳಿದ ಕೂಡ್ಲೇ ಹೇಳ್ತದ."

"ನೀ ಬಾವುಟ ನೋಡ್ಲಿಕತ್ತೀಯೋ ಇಲ್ಲೋ?"

"ಅದ ಹೇಳ್ತದಲ್ರಿ, ಮತ್ಯಾಕ ನೋಡೂದು?"

ಅಕ್ಕ ನನ್ನ ಕಡೆ ತಿರುಗಿ, ಅವನಿಗೆ ಕೇಳಿಸದ ಹಾಗೆ, "ಇಷ್ಟ ದಿನ ಇವರಿಗೆ ನಾಕು ಕಣ್ಣಿದ್ದವು. ಈಗ ಎಲ್ಲಾರೂ ನಾವು ಬರದ ನಾಕು ಸಾಲಿನ ಮ್ಯಾಲ ನಿಂತಾರ" ಎಂದರು.

ನಿವೃತ್ತಿಯ ದಿನ ಮ್ಯಾನೇಜರು ಶಾಲು ಹೊದಿಸಿ ಮಾತಾಡಿದರು. ಅಕ್ಕ ಮೇಜು ಖಾಲಿ ಮಾಡುವಾಗ ನನಗೊಬ್ಬಳಿಗೇ ಹೇಳಿದರು: "ಮುಂದ ಯಾರರ ಇದು ಭಾಳ ಉದ್ದ ಆಗ್ಯದ ಅಂತಾರ. ಕಡಿ, ಬ್ಯಾಡನ್ನಂಗಿಲ್ಲ. ಆದ್ರ ಕಡಿದ ಮ್ಯಾಲ ಗ್ವಾಡಿ ಕಡಿ ಮುಖ ಮಾಡಿ ಕುಂದ್ರು. ಬ್ಯಾರೇದವರ ಕಡಿಂದ ಪ್ರಶ್ನಿ ಕೇಳಿಸು."

ನಾಲ್ಕು ತಿಂಗಳಿಗೆ ಆ ಮಾತು ಬಂತು. ಏಜೆಂಟ್ ಪ್ರತಿ ಪ್ರಶ್ನೆಗೂ ಎಲ್ಲ ವಿವರಣೆಗಳನ್ನೂ ಓದಬೇಕು, ಉದ್ದವಿದ್ದಷ್ಟೂ ತಡ. ಬೆಳಿಗ್ಗೆ ಕಾಯಬೇಕಾಗುತ್ತದೆ ಎಂದು ಫೋರ್‌ಮನ್‌ಗಳ ದೂರು. ಪ್ರತಿ ವಿವರಣೆಯೂ ಎರಡು ಸಾಲಿಗಿಂತ ಹೆಚ್ಚಿರಬಾರದು ಎಂದು ಮೇಲಿನಿಂದ ಮೇಲ್ ಬಂತು, ಕೆಲಸ ನನ್ನ ಪಾಲಿಗೆ. ಒಂದೇ ಮಧ್ಯಾಹ್ನ ಎಲ್ಲ ಕಡಿದು ಮುಗಿಸಿದೆ. ಮಿಸ್ ಪಟ್ಟಿಗೆ ಅಕ್ಕನ ಮೊದಲ ಸಾಲು ಉಳಿಸಿ, 'ಮಿಸ್ ಇದೆಯೇ ಎಂದು ಯಾರಾದರೂ ಕೇಳಿದರೆ ಇದನ್ನು ಬಳಸು' ಎಂಬುದನ್ನು ಸೇರಿಸಿದೆ. ಖಾಲಿ ಎಂದರೇನು ಎಂಬುದು ಅದಕ್ಕೆ ಈಗಾಗಲೇ ಗೊತ್ತಿರಬೇಕು, ಇಷ್ಟು ದಿನ ಸರಿಯಾಗಿ ಹೇಳಿಲ್ಲವೇ, ಅಂದುಕೊಂಡೆ. ಅದಕ್ಕೆ ನೆನಪಿಲ್ಲ, ಪ್ರತಿ ಸಲವೂ ಹೊಸದಾಗಿ ಓದುತ್ತದೆ ಎಂದು ಕಿರಣ್ ಹೇಳಿದ್ದ. ನಾನು ಮರೆತಿದ್ದೆ. ಗೋಡೆಯ ಕಡೆ ಮುಖ ಮಾಡಿ ಕೂರಲಿಲ್ಲ. ಕೂತರೂ ಹಿಂದೆ ನಿಂತು ಕೇಳುವವರು ಯಾರಿದ್ದರು ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ನೆಪ. ಯಾರನ್ನಾದರೂ ಕರೆಯಬಹುದಿತ್ತು.

ಉತ್ತರ ಬೇಗ ಬರತೊಡಗಿತು. ಎಲ್ಲರೂ ಖುಷಿಪಟ್ಟರು. ಒಂದು ತಿಂಗಳು ಏನೂ ಆಗಲಿಲ್ಲ.

ಒಂದು ಸಂಜೆ ನಾನು ಮನೆಗೆ ಹೋಗುವ ರೈಲಿನಲ್ಲಿದ್ದೆ. ಚಿತ್ತಾಪುರ ದಾಟಿತ್ತು. ಅಕ್ಕನ ಫೋನ್ ಬಂತು.

"ವಾಡಿ ಸ್ಟೇಶನ್ಯಾಗ ಹಣಮಂತ ಸಿಕ್ಕಿದ್ದ. ಏಜೆಂಟ್ ಈಗ ಒಂದ ಮಾತಿನ್ಯಾಗ ಹೇಳ್ತದಂತ. ಕಡಿದೇನು?"

"ಹೌದ್ರಿ, ಮ್ಯಾಲಿಂದ ಆರ್ಡರ್ ಇತ್ತು."

"ಮಿಸ್ ಪಟ್ಟೀದು ಹ್ಯಾಂಗ ಅದ?"

"ಹಂಗೇ ಅದ್ರಿ ಅಕ್ಕಾ. ಒಂದೆರಡು ಶಬ್ದ ಕಮ್ಮಿ ಮಾಡೀನಷ್ಟ."

"ನಾಳಿ ಓದಿ ಹೇಳು" ಎಂದು ಇಟ್ಟರು. ಮರುದಿನ ನಾನು ಫೋನ್ ಮಾಡಲಿಲ್ಲ. ಅದರ ಮರುದಿನವೂ ಮಾಡಲಿಲ್ಲ. ಅವರ ಫೋನ್ ಎರಡು ಸಲ ಬಂದಾಗ ಎತ್ತಲಿಲ್ಲ.

ಆ ವಾರ ಒಂದು ದಿನ ಬ್ಲಾಸ್ಟ್ ಆದ ಸ್ವಲ್ಪ ಹೊತ್ತಿಗೇ ಅಕಾಲದ ಮಳೆ ಬಿತ್ತು. ಗಣಿಯ ತಳದಲ್ಲಿ ನೀರು ನಿಂತಿತು, ಬ್ಲಾಸ್ಟರ್ ಇಳಿಯಲಾಗದೆ ಮನೆಗೆ ಹೋದ. ಮರುದಿನ ಬೆಳಿಗ್ಗೆ ಬಿಸಿಲು ಹೊಳೆಯುತ್ತಿತ್ತು. ಒಂಬತ್ತೂವರೆಗೆ ನನ್ನ ಫೋನ್ ಸದ್ದು ಮಾಡಿತು. ಅಕ್ಕ. ಯಾಕೋ ಎತ್ತಿದೆ.

"ಗೇಟಿನ ಹೊರಗ ನಿಂತೀನಿ. ಪಾಸ್ ಇಲ್ಲಂತ ಒಳಗ ಬಿಡವಲ್ರು. ನಿನ್ನಿ ಮಳ್ಯಾಗ ಬ್ಲಾಸ್ಟರ್ ಇಳದಾನೇನು?"

"ಗೊತ್ತಿಲ್ರಿ."

"ನೋಡು. ನಾ ಫೋನ್ ಇಡಂಗಿಲ್ಲ."

ಕಂಪ್ಯೂಟರ್ ತೆರೆದೆ. ನಿನ್ನೆ ಬ್ಲಾಸ್ಟ್ ಆದದ್ದು ಮೂರನೇ ಬೆಂಚಿನಲ್ಲಿ. ಮಿಸ್ ಪಟ್ಟಿ ಖಾಲಿ. ಅದರ ಕೆಳಗೆ, ಎಂಟು ಗಂಟೆಗೆ ಫೋರ್‌ಮನ್ ಕೇಳಿದ ಪ್ರಶ್ನೆ: 'ಮೂರನೇ ಬೆಂಚು ಲೋಡಿಂಗಿಗೆ ಬಿಡಬಹುದಾ?' ಏಜೆಂಟ್ ಕೊಟ್ಟ ಉತ್ತರ: 'ಮಿಸ್ ಪಟ್ಟಿಯಲ್ಲಿ ಯಾವ ತೂತೂ ಇಲ್ಲ. ಮೂರನೇ ಬೆಂಚು ಲೋಡಿಂಗಿಗೆ ಬಿಡಬಹುದು.'

ವಾಕಿಟಾಕಿ ಎಳೆದುಕೊಂಡು ಕೂಗಿದೆ. "ಹಣಮಂತ, ಬಕೆಟ್ ಮ್ಯಾಲ ಎತ್ತು. ಹಿಂದಕ್ಕ ಬಾ."

"ಏನ್ರಿ ಮೇಡಂ? ಯಾವ ಬೆಂಚ್..."

ಸೈರನ್ ಇಲ್ಲದೆ ಬಂದ ಸದ್ದು ಅದು. ಕಿಟಕಿಯ ಗಾಜು ನಡುಗಿ ನಿಂತಿತು. ಇನ್ನೊಂದು ಕೈಯಲ್ಲಿದ್ದ ಫೋನಿನಲ್ಲಿ ಅಕ್ಕನ ಉಸಿರು ಕೇಳುತ್ತಿತ್ತು. ಆಮೇಲೆ ಗೇಟಿನ ಕಾವಲುಗಾರ ಹೇಳಿದ: ಸದ್ದು ಕೇಳಿ ಒಂದು ಗಳಿಗೆ ನೆಲಕ್ಕೆ ಕೂತುಬಿಟ್ಟರಂತೆ. ಮರುಗಳಿಗೆ ಎದ್ದು, ಗೇಟಿನ ಎರಡೂ ಬಾಗಿಲು ತೆಗೆಸಿ, ಆಂಬುಲೆನ್ಸ್ ನಿಲ್ಲದೆ ಒಳಗೆ ಹೋಗುವ ಹಾಗೆ ದಾರಿಗೆ ಅಡ್ಡವಿದ್ದ ಮೋಟರ್‌ಸೈಕಲ್‌ಗಳನ್ನು ಸರಿಸಲು ಹಚ್ಚಿದರಂತೆ.

ಹಣಮಂತ ಬದುಕಿದ. ಎಡಗಣ್ಣು ಹೋಯಿತು, ಬಲಗೈಯ ಎರಡು ಬೆರಳು ಹೋದವು.

ವಿಚಾರಣೆ ಆಫೀಸಿನಲ್ಲೇ ನಡೆಯಿತು, ಅಕ್ಕನನ್ನೂ ಕರೆಸಿದ್ದರು. ವಿವರಣೆಗಳ ಕಡತದ ತಲೆಯ ಮೇಲೆ ಬರೆದವರ ಹೆಸರಿನ ಜಾಗದಲ್ಲಿ ಅಕ್ಕನ ಹೆಸರೇ ಇತ್ತು. ನಾನು ಕಡಿದಾಗ ಅದನ್ನು ಬದಲಿಸಿರಲಿಲ್ಲ. ತಪ್ಪನ್ನು ನಿವೃತ್ತರಾದವರ ಮೇಲೆ ಹಾಕಿದರೆ ಎಲ್ಲರಿಗೂ ಅನುಕೂಲ. ಮ್ಯಾನೇಜರು ಬೆರಳಿಟ್ಟು ತೋರಿಸಿದರು, "ಬರೆದವರು ಇವರೇ." ವಿಚಾರಣೆಗೆ ಬಂದ ಅಧಿಕಾರಿ ಮುದ್ರಿಸಿದ ಹಾಳೆಯನ್ನು ಅಕ್ಕನ ಮುಂದೆ ಸರಿಸಿದರು. ಅವರು ಫೂಟುಪಟ್ಟಿ ಕೇಳಿ ಇಸಿದುಕೊಂಡು ಸಾಲಿನ ಕೆಳಗಿಟ್ಟು ಓದಿದರು.

"ನಾ ನಾಕು ಸಾಲು ಬರದಿದ್ದೆ. ಇದರಾಗ ಮೂರು ಇಲ್ಲ."

"ಯಾರು ತೆಗೆದರು?"

"ನಾ ತೆಗದಿಲ್ಲ. ತೆಗದದ್ದು ಕಣ್ಣಿಲೆ ಕಂಡಿಲ್ಲ. ಕಾಣಲಾರದ್ದು ನಾ ಹೇಳಂಗಿಲ್ಲ."

ಅವರಿಗೆ ಗೊತ್ತಿತ್ತು. ನನ್ನ ಕಡೆ ನೋಡಲಿಲ್ಲ. ಅಧಿಕಾರಿ ತಲೆಯಾಡಿಸಿ ಅವರ ಹೆಸರನ್ನು ಬರೆದುಕೊಳ್ಳತೊಡಗಿದರು. ಮೊದಲ ಅಕ್ಷರಗಳು ಮೂಡುವ ತನಕ ನಾನು ಕುಳಿತೇ ಇದ್ದೆ. ಆಮೇಲೆ ಎದ್ದು ನಿಂತು, "ನಾ ತೆಗದೀನ್ರಿ" ಎಂದೆ.

ಹೊರಗೆ ಬೇವಿನ ಗಿಡದ ಕೆಳಗೆ ಅವರ ಕಾಲು ಹಿಡಿಯಲು ಹೋದೆ. ಹಿಂದೆ ಸರಿದರು.

"ಕಡದದ್ದು ತಪ್ಪು. ಎಲ್ಲಾರ ಕೈಲೂ ಆಗ್ತದ. ನಾ ಕೇಳಿದಾಗ ಹಂಗೇ ಅದ ಅಂದ್ಯಲ್ಲ, ಅದನ್ನೂ ಒಳಗ ಹೇಳಬೇಕಿತ್ತು."

ಒಳಗೆ ಹೋಗಿ ಅದನ್ನೂ ಹೇಳಿ ಬಂದೆ. ಕೆಲಸ ಹೋಯಿತು. ಈಗ ಚಂದಾಪುರದಲ್ಲಿ ಒಂದು ಸಣ್ಣ ಅಂಗಡಿ ಹಾಕಿಕೊಂಡು ಜನರ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬಿಕೊಡುತ್ತೇನೆ. ಹಣಮಂತನ ಮನೆ ಅಲ್ಲೇ ಹಿಂದಿನ ಓಣಿಯಲ್ಲಿ. ಅವನು ನನ್ನೊಡನೆ ಮಾತಾಡಲು ಎಂಟು ತಿಂಗಳು ಹಿಡಿಯಿತು.

ಕಿರಣ್ ಬಂದು ಅಕ್ಕನ ಮೂರು ಸಾಲುಗಳನ್ನು ಮತ್ತೆ ಸೇರಿಸಿದ. ಎಲ್ಲರೂ ಅಲ್ಲಿಗೆ ಮುಗಿಯಿತು ಅಂದುಕೊಂಡರು. ಅಕ್ಕ ಅವನನ್ನು ಕೇಳಿದರು:

"ಕಡದ ವಿವರಣೆ ಬ್ಯಾರೆ ಎಲ್ಯರ ಹೋಗ್ಯಾವೇನು?"

ಅವನು ನೆಲ ನೋಡಿದ. ನಮ್ಮ ಗಣಿಯದು ಚಿಕ್ಕದಾಗಿ, ಚೊಕ್ಕವಾಗಿದೆ ಎಂದು ಅವನ ಹೈದರಾಬಾದಿನ ಕಂಪನಿಯವರು ಅದನ್ನೇ ಮಾದರಿಯಾಗಿ ಬೇರೆ ಗಣಿಗಳಿಗೂ ಹಾಕಿದ್ದರು. ಕಂಪನಿಗೆ ಹೇಳಿದ್ದೇನೆ, ಸರಿ ಮಾಡುತ್ತೇವೆ ಅಂದಿದ್ದಾರೆ ಎಂದ. "ಮಾಡ್ಯಾರೇನು?" ಎಂದು ಅಕ್ಕ ಕೇಳಿದ್ದಕ್ಕೆ, ಹೇಳಬಾರದಿದ್ದರೂ ಆ ಗಣಿಗಳು ಎಲ್ಲೆಲ್ಲಿವೆ ಎಂದು ಬಾಯಿಮಾತಿನಲ್ಲಿ ಹೇಳಿ ಹೋದ.

ಆಮೇಲಿನ ವರ್ಷವೆಲ್ಲ ಅಕ್ಕ ಬಸ್ಸಿನಲ್ಲಿ ತಿರುಗಿದರು. ಸೇಡಂ ಕಡೆ, ಚಿತ್ತಾಪುರದ ಕಡೆ, ಚಿಂಚೋಳಿಯ ಕಡೆ. ಗೇಟಿನ ಹತ್ತಿರ ನಿಂತು, ಫೋರ್‌ಮನ್ ಬರುವ ತನಕ ಕಾದು, ಮಿಸ್ ಪಟ್ಟಿಯ ವಿವರಣೆಯನ್ನು ತೆಗೆಸಿ ಓದಿಸುವುದು. ಕೆಲವರು ಕುರ್ಚಿ ಕೊಟ್ಟರು, ಕೆಲವರು ಯಾರ ಕಡೆಯವರು ನೀವು ಎಂದು ಗದರಿದರು. ಅವರ ಮೊಣಕಾಲು ಬಾತುಕೊಂಡ ಮೇಲೆ ಹಣಮಂತ ಜೊತೆಗೆ ಹೋಗತೊಡಗಿದ. ಅವನು ಮಾತಾಡುತ್ತಿರಲಿಲ್ಲ, ಪಕ್ಕದಲ್ಲಿ ನಿಲ್ಲುತ್ತಿದ್ದ. ಅವನ ಮುಖ ನೋಡಿದ ಮೇಲೆ ಗದರುವವರು ಕಡಿಮೆಯಾದರು.

ಅಕ್ಕ ಲಕ್ವಾ ಹೊಡೆದು ಎರಡೇ ದಿನಕ್ಕೆ ಹೋಗಿಬಿಟ್ಟರು. ನಾನು ಶಹಾಬಾದಿಗೆ ಹೋದ ದಿನ ಅವರ ತಮ್ಮ ಒಂದು ಹಾಳೆ ಕೊಟ್ಟರು. ಗಣಿಗಳ ಹೆಸರು, ಒಂದೊಂದರ ಮುಂದೆ ತಾರೀಖು, 'ಓದಿಸಿದೆ, ಸರಿ ಇದೆ' ಎಂಬ ಬರಹ. ಕೊನೆಯದೊಂದರ ಮುಂದೆ, 'ಹೋಗಿದ್ದೆ. ಒಳಗೆ ಬಿಡಲಿಲ್ಲ. ನೋಡಿಲ್ಲ' ಎಂದಿತ್ತು. ಅದು ಚಿಂಚೋಳಿಯ ಆಚೆಗಿನ ಗಣಿ, ನನ್ನ ಅಂಗಡಿಯಿಂದ ಒಂದು ಗಂಟೆಯ ದಾರಿ.

ಮರುದಿನ ಬೆಳಿಗ್ಗೆ ಹಣಮಂತನನ್ನು ಕರೆದುಕೊಂಡು ಹೋದೆ. ಫೋರ್‌ಮನ್ ಒಳ್ಳೆಯ ಮನುಷ್ಯ. ಅಕ್ಕ ಬಂದಿದ್ದು ಅವನಿಗೆ ಗೊತ್ತೇ ಇರಲಿಲ್ಲ. ಚಹಾ ತರಿಸಿ, ನನ್ನ ಮಾತನ್ನೆಲ್ಲ ಕೇಳಿ, ನಗುತ್ತ ಫೋನ್ ತೆಗೆದ.

"ನಮ್ಮಲ್ಲಿ ಹಂಗ ಆಗಂಗಿಲ್ರಿ. ನಿಮ್ಮ ಎದುರಿಗೇ ಕೇಳ್ತೀನಿ ನೋಡ್ರಿ." ಫೋನಿಗೆ, "ಎರಡನೇ ಬೆಂಚು ಬಿಡಬಹುದೇನು?" ಎಂದ.

ಫೋನ್ ಹೇಳಿತು: "ಮಿಸ್ ಪಟ್ಟಿಯಲ್ಲಿ ಯಾವ ತೂತೂ ಇಲ್ಲ. ಎರಡನೇ ಬೆಂಚು ಬಿಡಬಹುದು."

"ಕೇಳಿದ್ರಿಲ್ಲ, ಎಷ್ಟ ಸಾಫ್ ಹೇಳ್ತದ."

"ಬ್ಲಾಸ್ಟರ್ ಎಲ್ಲಿದ್ದಾರ್ರಿ?" ಎಂದು ಹಣಮಂತ ಕೇಳಿದ. ಅವನು ಅಲ್ಲಿ ಆಡಿದ ಒಂದೇ ಮಾತು ಅದು.

"ಅವರ ತಂಗೀ ಮದುವಿ ಅದ. ನಿನ್ನಿ ಬ್ಲಾಸ್ಟ್ ಹೊಡದು ಹಂಗೇ ಹ್ವಾದ್ರು."

ಆಗಲೇ ಪೊಕ್ಲೇನ್ ಇಂಜಿನ್ ಚಾಲೂ ಆಗಿತ್ತು. ಹಣಮಂತ ಹೋಗಿ ಅದು ಇಳಿಯುವ ದಾರಿಯ ನಟ್ಟನಡುವೆ ಕುಳಿತ. ನಾನೂ ಹೋಗಿ ಪಕ್ಕದಲ್ಲಿ ಕುಳಿತೆ. ಫೋರ್‌ಮನ್ ಬೈದ, ಕೈ ಹಿಡಿದು ಎಳೆದ, ಕೊನೆಗೆ ಸೋತು ಬ್ಲಾಸ್ಟರ್‌ಗೆ ಫೋನ್ ಮಾಡಿದ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಅವನು ಮದುವೆಯ ಬಿಳಿ ಬಟ್ಟೆಯಲ್ಲೇ, ಹಣೆಯ ಅಕ್ಷತೆ ಕೂಡ ಉದುರದೆ ಬಂದ. ನಮ್ಮನ್ನು ಕಣ್ಣೆತ್ತಿ ನೋಡದೆ ಬೆಂಚಿಗೆ ಇಳಿದುಹೋದ.

ಸುಮಾರು ಅರ್ಧ ಗಂಟೆ ಕಳೆಯಿತು. ಹತ್ತಿ ಬಂದಾಗ ಅವನ ಬಟ್ಟೆಯೆಲ್ಲ ಧೂಳಾಗಿತ್ತು. ಫೋರ್‌ಮನ್‌ನ ಹತ್ತಿರ ಬಂದು, ಸಣ್ಣ ದನಿಯಲ್ಲಿ ಹೇಳಿದ:

"ಗಾಡಿ ಬಂದ್ ಮಾಡಸ್ರಿ. ಎರಡು ಕೆಂಪು ಬಾವುಟ ಬೇಕು."